ಕೊಡಗಿನಲ್ಲೇ ಕೂತು ಕಂಪನಿಗಳಿಗೆ ಬರೆದುಕೊಡೋ ಕೆಲಸ: ಗಿರಾಕಿ ಎಲ್ಲಿ ಸಿಗ್ತಾರೆ, ಎಷ್ಟು ಕೇಳಬೇಕು?

ಮಾದಾಪುರದವಳು

ನಮಸ್ಕಾರ ಎಲ್ಲರಿಗೂ. ಮೈಸೂರಿನ ಒಂದು ಜಾಹೀರಾತು ಏಜೆನ್ಸಿಯಲ್ಲಿ ಕಾಪಿ, ಅಂದ್ರೆ ಜಾಹೀರಾತಿನ ಬರಹ, ಬರೆಯುತ್ತಿದ್ದೆ. ಈಗ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಅಪ್ಪನಿಗೆ ವಯಸ್ಸಾಯಿತು, ತೋಟ ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕು. ನಮ್ಮದು ಸಣ್ಣ ತೋಟ. ಕಾಫಿ ದುಡ್ಡು ವರ್ಷಕ್ಕೊಂದು ಸಲ ಬರೋದು, ಅದರಲ್ಲೂ ಕೊಯ್ಲಿನ ಕೂಲಿ, ಗೊಬ್ಬರ ಎಲ್ಲ ಕಳೆದು ಎಷ್ಟು ಉಳಿಯುತ್ತೆ ಅಂತ ಇಲ್ಲಿರೋರಿಗೆ ನಾನು ಹೇಳಬೇಕಿಲ್ಲ. ಹಾಗಾಗಿ ಮನೆಯಿಂದಲೇ ಬರೆಯೋ ಕೆಲಸ ಶುರು ಮಾಡಬೇಕು ಅಂತಿದ್ದೇನೆ. ವೆಬ್‌ಸೈಟ್, ಬ್ರೋಷರ್, ಪ್ಯಾಕೆಟ್ ಮೇಲಿನ ಬರಹ, ಗಿರಾಕಿಗಳಿಗೆ ಕಳಿಸೋ ಇಮೇಲ್, ಪತ್ರಿಕಾ ಪ್ರಕಟಣೆ, ಇಂಥವು. ಕಥೆ, ಕವನ ಅಲ್ಲ. ಕನ್ನಡ, ಇಂಗ್ಲಿಷ್ ಎರಡೂ ಬರೆಯುತ್ತೇನೆ.

ಕೇಳಬೇಕಾಗಿರೋದು ಏನಂದ್ರೆ, ಕೊಡಗಿನಲ್ಲಿ ಇದಕ್ಕೆ ದುಡ್ಡು ಕೊಡುವವರು ಇದ್ದಾರಾ? ಅಥವಾ ಬೆಂಗಳೂರಿನ ಏಜೆನ್ಸಿಗಳನ್ನೇ ಹಿಡಿಯಬೇಕಾ? ಪದಕ್ಕೆ ಇಷ್ಟು ಅಂತ ಹೇಳೋದಾ, ಕೆಲಸಕ್ಕೆ ಇಷ್ಟು ಅಂತಲಾ? ಇಲ್ಲೇ ಹತ್ತಿರದ ಒಂದು ಹೋಂಸ್ಟೇಯವರು ವೆಬ್‌ಸೈಟಿಗೆ ಪೂರ್ತಿ ಬರೆಸಿಕೊಂಡು, ಇನ್‌ಸ್ಟಾಗ್ರಾಂಗೂ ಬರೆಸಿಕೊಂಡು, ಕೊನೆಗೆ "ನಾವೆಲ್ಲ ಪರಿಚಯದವರೇ ಅಲ್ವಾ" ಅಂತ ಒಂದು ಕೆಜಿ ಕಾಫಿಪುಡಿ ಕೈಗಿಟ್ಟರು. ನಮ್ಮ ಮನೆಯಲ್ಲಿ ಕಾಫಿಪುಡಿಗೇನು ಬರ ಇಲ್ಲ.

ಕುಶಾಲನಗರ_ಕಾಪಿ

ಕಾಫಿಪುಡಿ ಸಂಬಳ ನಮಗೂ ಗೊತ್ತು ಮೇಡಂ. ಕೆಲವೊಮ್ಮೆ ಅದು ಕರಿಮೆಣಸು ಆಗಿರುತ್ತೆ, ಅದಾದರೆ ಪರವಾಗಿಲ್ಲ, ಮಾರಬಹುದು.

ನಾನು ಈ ಕೆಲಸದಲ್ಲೇ ಸಂಸಾರ ನಡೆಸುತ್ತಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲನೆಯದು, ಕೊಡಗು ಅಂದ ತಕ್ಷಣ ಹೋಂಸ್ಟೇ ಹಿಂದೆ ಹೋಗಬೇಡಿ. ಎಲ್ಲರೂ ಅಲ್ಲಿಗೇ ಹೋಗ್ತಾರೆ. ಎರಡು ರೂಮಿನ ಹೋಂಸ್ಟೇಗೆ ಒಂದು ಸಲ ವೆಬ್‌ಸೈಟ್ ಬರೆದರೆ ಮುಗಿಯಿತು, ಆಮೇಲೆ ಐದು ವರ್ಷ ಅವರಿಗೆ ನಿಮ್ಮ ಅಗತ್ಯ ಇಲ್ಲ. ನೀವು ಹುಡುಕಬೇಕಾದ್ದು ಮತ್ತೆ ಮತ್ತೆ ಬರೆಸುವವರನ್ನು. ಸ್ವಂತ ಬ್ರ್ಯಾಂಡಿನಲ್ಲಿ ಕಾಫಿ ಹುರಿದು ಆನ್‌ಲೈನ್ ಮಾರುವವರು, ಹೊರದೇಶಕ್ಕೆ ಕಳಿಸುವ ಎಸ್ಟೇಟಿನವರು, ಕೂಡ್ಲೂರಿನ ಕೈಗಾರಿಕಾ ಪ್ರದೇಶದ ಕಡೆಯ, ಕಾಫಿ ಬೀಜದ ಸಿಪ್ಪೆ ತೆಗೆದು ಹಸನು ಮಾಡೋ ಕ್ಯೂರಿಂಗ್ ವರ್ಕ್ಸ್‌ಗಳು, ದೊಡ್ಡ ರೆಸಾರ್ಟ್‌ಗಳು, ರೈತ ಉತ್ಪಾದಕ ಕಂಪನಿಗಳು, ಖಾಸಗಿ ಶಾಲೆ, ಆಸ್ಪತ್ರೆ. ಹೊರದೇಶದ ಕಾಫಿ ಖರೀದಿದಾರರಿಗೆ ತೋಟದ ಎತ್ತರ ಎಷ್ಟು, ಯಾವ ತಳಿ, ವಾಶ್ಡ್ (ತಿರುಳು ತೆಗೆದು ತೊಳೆದದ್ದು) ಮಾಡಿದ್ದಾ ನ್ಯಾಚುರಲ್ (ಹಣ್ಣು ಸಮೇತ ಒಣಗಿಸಿದ್ದು) ಮಾಡಿದ್ದಾ, ಕಣದಲ್ಲಿ ಒಣಗಿಸಿದ್ದಾ ಮೇಲೆತ್ತಿ ಕಟ್ಟಿದ ಬಲೆ ಮೇಲಾ, ಯಾವ ಮರದ ನೆರಳು, ಇದೆಲ್ಲ ಪ್ರತಿ ಬೆಳೆಗೂ ಹೊಸದಾಗಿ ಬರೆದು ಕೊಡಬೇಕು. ಬೆಂಗಳೂರಿನಲ್ಲಿ ಕೂತ ಬರಹಗಾರ ಇದನ್ನೆಲ್ಲ ಗೂಗಲ್ ನೋಡಿ ಬರೀತಾನೆ. ನೀವು ಕಣದಲ್ಲಿ ಕಾಲಿಟ್ಟು ಬೆಳೆದವರು. ನಿಮಗೆ ಸಿಗೋ ದುಡ್ಡು ಈ ವ್ಯತ್ಯಾಸಕ್ಕೇ.

ಎರಡನೆಯದು ಸಮಯ. ಇದನ್ನು ಯಾರೂ ಹೇಳಲ್ಲ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ಅದರ ಬೆನ್ನಿಗೆ ರೋಬಸ್ಟಾ ಮಾರ್ಚ್ ತನಕ. ಆಗ ತೋಟದವರಿಗೆ ಫೋನ್ ಮಾಡಿದರೆ ಆಳು ಸಿಕ್ಕಿಲ್ಲ ಅನ್ನೋ ಗೋಳು ಕೇಳಿಸ್ಕೊಂಡು ಫೋನ್ ಇಡಬೇಕಾಗುತ್ತೆ. ಕಾಫಿ ಹೂ ಬಿಡಿಸೋ ಹೂಮಳೆ ಬಂದು, ಹೂ ಕಚ್ಚಿದೆ ಅಂತ ಗೊತ್ತಾದ ಮೇಲೆ ಅವರ ಮುಖ ಸ್ವಲ್ಪ ಅರಳಿರುತ್ತೆ, ಆಗ ಹೋಗಿ. ಹೋಂಸ್ಟೇ, ರೆಸಾರ್ಟಿನವರಿಗೆ ಉಲ್ಟಾ. ಡಿಸೆಂಬರಿನಲ್ಲಿ ಅವರಿಗೆ ಉಸಿರಾಡೋಕೂ ಟೈಮಿಲ್ಲ. ಜೂನ್ ಜುಲೈ ಮಳೆಯಲ್ಲಿ ರೂಮು ಖಾಲಿ, ಕೈ ಖಾಲಿ. ಮಡಿಕೇರಿ ದಸರಾಗೆ ಮೊದಲು ವೆಬ್‌ಸೈಟ್ ಸರಿ ಮಾಡಿಸಬೇಕು ಅನ್ನೋದು ಅವರ ತಲೆಗೆ ಬರೋದೇ ಆಗ. ಕರೆಂಟು, ನೆಟ್‌ವರ್ಕ್ ಎರಡೂ ಹೋಗೋದೂ ಆಗಲೇ, ಅದು ಬೇರೆ ಮಾತು. ಯುಪಿಎಸ್ ಇಟ್ಕೊಳ್ಳಿ. ಕೊಡೋ ದಿನಾಂಕವನ್ನು ಎರಡು ದಿನ ಮುಂದೆ ಹಾಕಿಯೇ ಹೇಳಿ.

ಏಜೆನ್ಸಿಗಳನ್ನು ಬಿಡಬೇಡಿ. ರೇಟು ಕಡಿಮೆ, ಆದರೆ ಕೆಲಸ ನಿಂತುಹೋಗಲ್ಲ. ಹಳೆ ಆಫೀಸಿನಲ್ಲಿ ಜೊತೆಗಿದ್ದವರು ಈಗ ಎಲ್ಲೆಲ್ಲಿದ್ದಾರೋ ಅವರಿಗೆಲ್ಲ ಮೊದಲು ಮೆಸೇಜ್ ಹಾಕಿ. ಹೊಸಬರಿಗೆ ನೂರು ಇಮೇಲ್ ಕಳಿಸೋದಕ್ಕಿಂತ ಇದು ಬೇಗ ಕೆಲಸ ತರುತ್ತೆ.

ಮಳೆಗಾಲದ_ಮಂಗ

ಏಐ ಬಂದ ಮೇಲೆ ಇದೆಲ್ಲ ಯಾಕೆ ಬೇಕು ಹೇಳಿ? ಹತ್ತು ಸೆಕೆಂಡಿಗೆ ಬ್ರೋಷರ್ ಬರೆದು ಕೊಡುತ್ತೆ. ಸುಮ್ನೆ ತೋಟ ನೋಡ್ಕೊಳ್ಳಿ.

ಕಕ್ಕಬ್ಬೆ_ಹೋಂಸ್ಟೇ

ಮಂಗ ಅವರೇ, ನಾನು ಅದರಲ್ಲೂ ಬರೆಸಿ ನೋಡಿದ್ದೇನೆ. ನಮ್ಮ ಮನೆ ಮುಂದೆ ಹೊಳೆ ಹರಿಯುತ್ತೆ ಅಂತ ಬರೆದು ಕೊಟ್ಟಿತು. ಹೊಳೆ ಇರೋದು ಎರಡು ಕಿಲೋಮೀಟರ್ ಆಚೆ. ಬಂದವರು ಹೊಳೆ ಎಲ್ಲಿ ಅಂತ ಕೇಳಿದರೆ ನಾನು ಟ್ಯಾಂಕ್ ತೋರಿಸಬೇಕಾ?

ಮಾದಾಪುರದವರೇ, ನಿಮಗೆ ಕಾಫಿಪುಡಿ ಕೊಟ್ಟವರು ನಾನಲ್ಲ, ಮೊದಲೇ ಹೇಳಿಬಿಡ್ತೇನೆ. ಆದರೆ ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. ಹೋಂಸ್ಟೇಯವರು ದುಡ್ಡು ಕೊಡಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಫೋಟೋದವರಿಗೆ ಕೊಡ್ತೇವೆ, ಡ್ರೋನ್ ತಂದವರಿಗೆ ಕೊಡ್ತೇವೆ. ಬರಹಕ್ಕೆ ಯಾಕೆ ಕೊಡಲ್ಲ ಅಂದ್ರೆ, ಬರೆಯುವವರು ಬಂದು "ನಿಸರ್ಗದ ಮಡಿಲಲ್ಲಿ, ಮಂಜಿನ ತೆರೆಯಲ್ಲಿ" ಅಂತ ಬರೆದು ಕೊಡ್ತಾರೆ. ಪಕ್ಕದ ಮನೆಯವನ ವೆಬ್‌ಸೈಟಲ್ಲೂ ಅದೇ. "ಭಾರತದ ಸ್ಕಾಟ್ಲೆಂಡ್" ಅಂತೂ ಪ್ರತಿಯೊಬ್ಬರ ಬೋರ್ಡಲ್ಲೂ ಇದೆ. ಅದಕ್ಕೆ ಯಾರು ದುಡ್ಡು ಕೊಡ್ತಾರೆ?

ನನಗೆ ಬರಹ ಬೇಡ. ನನಗೆ ಬೇಕಿರೋದು ಎರಡು. ಒಂದು, ಫೋನು ಕಡಿಮೆ ಆಗಬೇಕು. ದಿನಾ ಅವೇ ಪ್ರಶ್ನೆ. ಗೇಟಿನ ತನಕ ಸಣ್ಣ ಕಾರು ಬರುತ್ತಾ, ಜೀಪು ಕಳಿಸ್ತೀರಾ? ಜಿಗಣೆ ಇದೆಯಾ? ಜಿಯೋ ಬರುತ್ತಾ? ಸಸ್ಯಾಹಾರಿಗಳಿಗೆ ಬೇರೆ ಪಾತ್ರೆಯಲ್ಲಿ ಮಾಡ್ತೀರಾ? ತಡಿಯಂಡಮೋಳ್ ಬೆಟ್ಟ ಹತ್ತೋಕೆ ಅಮ್ಮನ ಕೈಲಿ ಆಗುತ್ತಾ? ನಾಯಿ ಕರ್ಕೊಂಡು ಬರಬಹುದಾ? ಇವಕ್ಕೆಲ್ಲ ಸುಳ್ಳು ಹೇಳದೆ, ಜನ ಓಡಿಹೋಗದ ಹಾಗೆ ಒಂದು ಪುಟ ಬರೆದುಕೊಟ್ಟರೆ ನಾನು ಖುಷಿಯಾಗಿ ದುಡ್ಡು ಕೊಡ್ತೇನೆ. ಜಿಗಣೆ ಇದೆ ಅಂತ ಬರೆದೂ ರೂಮು ತುಂಬಿಸೋಕೆ ಬರುವವರು ನಿಜವಾದ ಬರಹಗಾರರು.

ಎರಡನೆಯದು ನೇರ ಬುಕಿಂಗ್. ಬುಕಿಂಗ್ ಆ್ಯಪಿನವರು ಕಮಿಷನ್ ಹಿಡಿದುಕೊಳ್ತಾರೆ. ಶೇ. 15 ಅಂತಲೇ ಇಟ್ಕೊಳ್ಳಿ. ನಾಲ್ಕು ಜನ, ಎರಡು ರಾತ್ರಿ, ತಲೆಗೆ ರಾತ್ರಿಗೆ 2,500 ಅಂದ್ರೆ 20,000 ರೂಪಾಯಿ ಬಿಲ್ಲು. ಅದರಲ್ಲಿ 3,000 ಆ್ಯಪಿಗೆ. ಅದೇ ಕುಟುಂಬ ನನ್ನ ವೆಬ್‌ಸೈಟ್ ನೋಡಿ ನೇರವಾಗಿ ಬಂದರೆ ಆ 3,000 ನನಗೇ ಉಳಿಯಿತಲ್ಲ. ನೀವು ಬಂದು "ನಿಮ್ಮ ವೆಬ್‌ಸೈಟಿಗೆ 10,000" ಅಂದ್ರೆ ನಾನು ಜಾಸ್ತಿ ಆಯ್ತು ಅಂತೀನಿ. "ನಾಲ್ಕು ಕುಟುಂಬ ನೇರ ಬಂದರೆ ನನಗೆ ಕೊಟ್ಟ ಫೀಸು ನಿಮಗೆ ಉಳಿದ ಕಮಿಷನ್ನಲ್ಲೇ ವಾಪಸ್ ಬಂತು" ಅಂದ್ರೆ ಕೂರಿಸಿ ಕಾಫಿ ಕೊಡ್ತೀನಿ. ಕಾಫಿ, ಸಂಬಳ ಅಲ್ಲ.

ಇನ್ನೊಂದು. ಒಂದು ಸಲ ಬಂದು ಹೋದವರಿಗೆ ಮಳೆಗಾಲದಲ್ಲಿ, ಪುತ್ತರಿ ಹಬ್ಬದ ಹೊತ್ತಿಗೆ, ಕಾಫಿ ಹೂ ಬಿಡೋ ಹೊತ್ತಿಗೆ ವಾಟ್ಸಾಪಲ್ಲಿ ಒಂದು ಒಳ್ಳೆ ಮೆಸೇಜ್ ಹೋಗಬೇಕು. ನನಗೆ ಬರೆಯೋಕೆ ಬರಲ್ಲ, ಬರೆದರೆ ಟೂರಿಸಂ ಇಲಾಖೆ ಪ್ರಕಟಣೆ ಥರ ಇರುತ್ತೆ. ಅದನ್ನು ತಿಂಗಳಿಗೆ ಇಷ್ಟು ಅಂತ ವಹಿಸಿಕೊಳ್ಳೋರು ಇದ್ದರೆ ನಾನೊಬ್ಬನೇ ಅಲ್ಲ, ನಮ್ಮ ಕಡೆ ಬೇಕಾದಷ್ಟು ಜನ ಸಿಗ್ತಾರೆ. ಕುಶಾಲನಗರದವರು ಹೇಳಿದ "ಒಂದು ಸಲ ಬರೆದರೆ ಮುಗಿಯಿತು" ಅನ್ನೋದನ್ನು ನಾನು ಒಪ್ಪಲ್ಲ.

ಕುಶಾಲನಗರ_ಕಾಪಿ

ಒಪ್ಪಿದೆ ಅಣ್ಣ. ಈ ವಾಟ್ಸಾಪ್ ಕೆಲಸ ನಾನೇ ಕೇಳಬೇಕಿತ್ತು.

ಮೇಡಂ, ಇವರು ಹೇಳಿದ್ದನ್ನೇ ನಿಮ್ಮ ಮೊದಲ ಮೆಸೇಜ್ ಮಾಡ್ಕೊಳ್ಳಿ. "ನಾನು ಕಂಟೆಂಟ್ ಬರೀತೇನೆ, ಅವಕಾಶ ಕೊಡಿ" ಅಂತ ಕಳಿಸಿದರೆ ಯಾರೂ ತೆಗೆದು ನೋಡಲ್ಲ. ಬದಲಿಗೆ ಹೀಗೆ: "ನಿಮ್ಮ ಪುಟ ನೋಡಿದೆ. ಫೋಟೋ ಚೆನ್ನಾಗಿವೆ. ಆದರೆ ಕೊನೆಯ ರಸ್ತೆಗೆ ಸಣ್ಣ ಕಾರು ಬರುತ್ತೋ ಇಲ್ಲವೋ ಅಂತ ಎಲ್ಲೂ ಇಲ್ಲ. ರೇಟು ಹುಡುಕೋಕೆ ಮೂರು ಕಡೆ ಒತ್ತಬೇಕು. ಈ ಎರಡನ್ನು ಸರಿಮಾಡಿ ಒಂದು ಪ್ಯಾರಾ ಬರೆದು ಕೆಳಗೆ ಹಾಕಿದ್ದೇನೆ, ಇಷ್ಟವಾದರೆ ಬಳಸಿಕೊಳ್ಳಿ. ಮಿಕ್ಕಿದ್ದು ಬೇಕಾದರೆ ನಾಳೆ ಹತ್ತು ನಿಮಿಷ ಮಾತಾಡೋಣವಾ?" ಒಂದು ಪ್ಯಾರಾ ಪುಕ್ಕಟೆ. ಎರಡನೆಯ ಪ್ಯಾರಾದಿಂದ ದುಡ್ಡು. ಪೂರ್ತಿ ಪುಟ ಮಾತ್ರ ಯಾವತ್ತೂ ಪುಕ್ಕಟೆ ಬರೆದುಕೊಡಬೇಡಿ.

ಲೆಕ್ಕದ_ಪುಸ್ತಕ

ವಿರಾಜಪೇಟೆಯಲ್ಲಿ ಲೆಕ್ಕಪತ್ರ ನೋಡೋ ಕೆಲಸ ನನ್ನದು. ಬರಹದ ಬಗ್ಗೆ ಗೊತ್ತಿಲ್ಲ, ದುಡ್ಡು ವಸೂಲಿ ಬಗ್ಗೆ ಗೊತ್ತು.

ಮೊದಲು ಉದ್ಯಮ್ ನೋಂದಣಿ ಮಾಡಿಸಿ, ಅದು ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ. ಸರ್ಕಾರದ ಪೋರ್ಟಲ್ಲಿನಲ್ಲಿ ಒಂದು ರೂಪಾಯಿ ಖರ್ಚಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. ಅದೇ ಥರ ಕಾಣೋ ಖಾಸಗಿ ವೆಬ್‌ಸೈಟ್‌ಗಳು ಫೀಸು ಕೇಳುತ್ತವೆ, ಅಲ್ಲಿಗೆ ಹೋಗಬೇಡಿ. ಇದರಿಂದ ಏನು ಲಾಭ ಅಂದ್ರೆ, 2006ರ ಎಂಎಸ್ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದ ಇದ್ದರೂ 45 ದಿನದ ಒಳಗೆ ಕೊಡಬೇಕು, ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಹೇಳೋ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೀವು ಕೋರ್ಟಿಗೆ ಹೋಗ್ತೀರಿ ಅಂತ ನಾನು ಹೇಳ್ತಿಲ್ಲ. ಆದರೆ ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕಿದರೆ ಬೆಂಗಳೂರಿನ ಕಂಪನಿಗಳ ಅಕೌಂಟ್ಸ್ ವಿಭಾಗ ನಿಮ್ಮ ಬಿಲ್ಲನ್ನು ಕಟ್ಟಿನ ಮೇಲಕ್ಕೆ ತರುತ್ತೆ. ಯಾಕಂದ್ರೆ ಈಗ ಸಮಯಕ್ಕೆ ಕೊಡದಿದ್ದರೆ ಆ ವರ್ಷ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ತೋರಿಸೋಕೆ ಅವರಿಗೇ ಆಗಲ್ಲ. ಕೆಲಸ ಒಪ್ಪಿಕೊಳ್ಳೋ ಮೊದಲೇ ನೋಂದಣಿ ಆಗಿರಲಿ, ಆಮೇಲೆ ಮಾಡಿಸಿದರೆ ಹಳೆ ಬಾಕಿಗೆ ಬಲ ಸಿಗೋದು ಕಷ್ಟ.

ಜಿಎಸ್‌ಟಿ ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ. ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ವಹಿವಾಟು ದಾಟೋ ತನಕ ಕಡ್ಡಾಯ ಇಲ್ಲ. ಟಿಡಿಎಸ್, ಅಂದ್ರೆ ಹಣ ಕೊಡುವಾಗಲೇ ಕಡಿತ ಮಾಡೋ ಆದಾಯ ತೆರಿಗೆ, ಬೇರೆ. ಕಂಪನಿಗಳು ವೃತ್ತಿಪರ ಸೇವೆ ಅಂತ ಶೇ. 10 ಹಿಡಿದುಕೊಂಡು ಕೊಡಬಹುದು. ಮೋಸ ಅಂದುಕೊಳ್ಳಬೇಡಿ. ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತೆ, ನಿಮಗೆ ತೆರಿಗೆ ಇಲ್ಲದಿದ್ದರೆ ವಾಪಸ್ ಬರುತ್ತೆ. ಪ್ಯಾನ್ ಕೊಡದಿದ್ದರೆ ಮಾತ್ರ ಶೇ. 20 ಹೋಗುತ್ತೆ.

ಕೊನೆಯದು ಹಕ್ಕು. ನೀವು ಸಂಬಳದ ನೌಕರಳಲ್ಲ. ಹಾಗಾಗಿ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವು ಬರೆದದ್ದು ನಿಮ್ಮದೇ, ಬರವಣಿಗೆಯಲ್ಲಿ ಸಹಿ ಹಾಕಿ ವರ್ಗಾಯಿಸೋ ತನಕ. ಕೊಟೇಶನ್ನಿನಲ್ಲೇ ಒಂದು ಸಾಲು ಹಾಕಿ: "ಪೂರ್ತಿ ಹಣ ಸಂದಾಯವಾದ ಮೇಲೆ ಹಕ್ಕು ನಿಮಗೆ." ಕಾಫಿಪುಡಿ ಕೊಟ್ಟವರ ವೆಬ್‌ಸೈಟಿನಲ್ಲಿ ಇರೋದು ಈಗಲೂ ನಿಮ್ಮ ಬರಹ. ಜಗಳ ಆಡಿ ಅಂತಲ್ಲ, ಗೊತ್ತಿರಲಿ ಅಂತ. ನಾಳೆ ಸಂತೆಯಲ್ಲಿ ಮುಖ ನೋಡಬೇಕಲ್ಲ.

ಮಾದಾಪುರದವಳು

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಉದ್ಯಮ್ ವಿಷಯ ಗೊತ್ತೇ ಇರಲಿಲ್ಲ.

ಇನ್ನೂ ಎರಡು ಉಳಿದಿದೆ. ಕಕ್ಕಬ್ಬೆ ಅಣ್ಣ 10,000 ಅಂದರು. ಅದು ಸರಿಯಾದ ರೇಟಾ, ಸುಮ್ನೆ ಲೆಕ್ಕಕ್ಕೆ ಹೇಳಿದ್ದಾ? ಎರಡನೆಯದು, ಸೋಮವಾರಪೇಟೆ ಕಡೆ ಮನೆಯಲ್ಲೇ ಕಾಫಿ ಹುರಿದು ಪುಡಿ ಮಾಡಿ ಮಾರೋ ಅಕ್ಕ ಒಬ್ಬರು ಪ್ಯಾಕೆಟ್ಟಿಗೆ ಬರೆದು ಕೊಡಿ ಅಂದಿದ್ದಾರೆ. ಜೇನುತುಪ್ಪವೂ ಇದೆ. ಪ್ಯಾಕೆಟ್ ಮೇಲೆ ದೊಡ್ಡದಾಗಿ "ಜಿಐ ಮಾನ್ಯತೆಯ ಕೂರ್ಗ್ ಅರೇಬಿಕಾ" ಅಂತ ಬರಬೇಕಂತೆ, ಜಿಐ ಅಂದ್ರೆ ಆ ಊರಿನದೇ ಅನ್ನೋ ಭೌಗೋಳಿಕ ಗುರುತು. ಜೇನಿಗೆ "ಶುಗರ್ ಕಡಿಮೆ ಮಾಡುತ್ತೆ, ಕೆಮ್ಮು ವಾಸಿ ಮಾಡುತ್ತೆ" ಅಂತ. ಬರೆಯಲಾ?

ಕುಶಾಲನಗರ_ಕಾಪಿ

ರೇಟನ್ನು ಬೇರೆಯವರನ್ನು ಕೇಳಿ ಇಡಬೇಡಿ, ನಿಮ್ಮ ಖರ್ಚಿನಿಂದ ಇಡಿ. ತಿಂಗಳಿಗೆ 40,000 ಬೇಕು ಅಂದ್ಕೊಳ್ಳಿ. ದಿನವಿಡೀ ಬರೆಯೋಕೆ ಆಗಲ್ಲ. ಗಿರಾಕಿ ಹುಡುಕೋದು, ಬಿಲ್ಲು ಕಳಿಸೋದು, ಫೋನು, ನಿಮಗೆ ತೋಟ ಬೇರೆ. ದಿನಕ್ಕೆ ನಾಲ್ಕು ಗಂಟೆ ದುಡ್ಡಿನ ಕೆಲಸ ಆದರೆ ದೊಡ್ಡದು. ತಿಂಗಳಿಗೆ 25 ದಿನ ಅಂದ್ರೆ 100 ಗಂಟೆ. ಗಂಟೆಗೆ 400 ಬಿತ್ತು. ಕೆಲಸ ಇಲ್ಲದ ತಿಂಗಳು, ಜ್ವರ, ಲ್ಯಾಪ್‌ಟಾಪ್ ರಿಪೇರಿ ಸೇರಿಸಿ 500 ಮಾಡಿ.

ಈಗ ಐದು ಪುಟದ ವೆಬ್‌ಸೈಟ್. ಮಾತುಕತೆ ಎರಡು ಗಂಟೆ, ಹೋಗಿ ಜಾಗ ನೋಡಿ ಬರೋದು ಮೂರು, ಬರೆಯೋದು ಹತ್ತು, ತಿದ್ದುಪಡಿ ನಾಲ್ಕು ಐದು. ಸುಮಾರು 20 ಗಂಟೆ. 10,000. ಅಣ್ಣ ಹೇಳಿದ್ದು ಸರಿಯಾಗೇ ಬಂತು ನೋಡಿ. ಅದಕ್ಕಿಂತ ಕೆಳಗೆ ಇಳಿದರೆ ನಿಮ್ಮ ಕೈಯಿಂದ ಹಾಕಿದ ಹಾಗೆ. ಕಡಿಮೆ ಮಾಡಿ ಅಂದರೆ ಪುಟ ಕಡಿಮೆ ಮಾಡಿ, ರೇಟಲ್ಲ. ಪದದ ಲೆಕ್ಕ ಅನುವಾದಕ್ಕೆ ಸರಿ. ಇಂಥ ಕೆಲಸಕ್ಕೆ ಬೇಡ. ಪ್ಯಾಕೆಟ್ ಮೇಲೆ ಮೂವತ್ತು ಪದ ಬರೆಯೋಕೆ ಎರಡು ದಿನ ಹಿಡಿಯುತ್ತೆ, ಪದಕ್ಕೆ ಎರಡು ರೂಪಾಯಿ ಅಂದ್ರೆ ಬಸ್ ಚಾರ್ಜಿಗೂ ಸಾಲಲ್ಲ.

ಅರ್ಧ ಮುಂಗಡ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಬೇರೆ ಬಿಲ್ಲು. ತಿದ್ದುಪಡಿ ಹೇಳುವವರು ಒಬ್ಬರೇ ಇರಲಿ. ಇಲ್ಲದಿದ್ದರೆ ಬೆಂಗಳೂರಿನ ಮಗಳು ಒಂದು ಹೇಳ್ತಾಳೆ, ಕೆನಡಾದ ಅಳಿಯ ಇನ್ನೊಂದು ಹೇಳ್ತಾನೆ, ಮಧ್ಯೆ ಸಾಯೋದು ನೀವು.

ಕಕ್ಕಬ್ಬೆ_ಹೋಂಸ್ಟೇ

ಕೆನಡಾದ ಅಳಿಯ ನಮ್ಮನೆಯಲ್ಲೂ ಇದ್ದಾನೆ. ಮುಂಗಡ ಕೇಳೋಕೆ ನಾಚಿಕೊಳ್ಳಬೇಡಿ, ನಾವು ಗೆಸ್ಟ್‌ಗಳ ಹತ್ತಿರ ತಗೊಳ್ಳಲ್ವಾ?

ಲೆಕ್ಕದ_ಪುಸ್ತಕ

ಪ್ಯಾಕೆಟ್ ಪ್ರಶ್ನೆಗೆ ನಾನು ಹೇಳ್ತೇನೆ, ನನ್ನ ಗಿರಾಕಿಗಳಲ್ಲೇ ಇದು ಬಂದಿದೆ.

ಜೇನಿನ ಮಾತು ಬರೆಯಲೇಬೇಡಿ. ಸಕ್ಕರೆ ಕಾಯಿಲೆಗೆ ಔಷಧಿ ಅನ್ನೋ ಥರ ಜಾಹೀರಾತು ಮಾಡೋದನ್ನು 1954ರಿಂದಲೇ ಕಾಯ್ದೆ ತಡೆದಿದೆ. ಅದರ ಮೇಲೆ ಆಹಾರದ ಪ್ಯಾಕೆಟ್ಟಿನಲ್ಲಿ ಕಾಯಿಲೆ ವಾಸಿ ಮಾಡುತ್ತೆ ಅನ್ನೋಕೆ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮ ಬಿಡಲ್ಲ. ಯಾವ ಕಾಡಿನ ಅಂಚಿನ ತೋಟ, ಯಾವ ತಿಂಗಳು ತೆಗೆದದ್ದು, ಪೆಟ್ಟಿಗೆ ಜೇನಾ ಹೆಜ್ಜೇನಾ, ಅಷ್ಟು ಬರೆದರೂ ಜನ ತಗೊಳ್ತಾರೆ.

ಕೂರ್ಗ್ ಅರೇಬಿಕಾಗೆ ಜಿಐ ಸಿಕ್ಕಿದ್ದು 2019ರಲ್ಲಿ. ಆದರೆ ಅದು ಊರಿನವರೆಲ್ಲ ಹಾಕಿಕೊಳ್ಳೋ ಮೊಹರು ಅಲ್ಲ. ಅಧಿಕೃತ ಬಳಕೆದಾರರು ಅಂತ ನೋಂದಣಿ ಆದವರು ಮಾತ್ರ ಆ ಗುರುತು ಬಳಸಬಹುದು. ಜೊತೆಗೆ ಅದು ಅರೇಬಿಕಾಗೆ ಮಾತ್ರ, ನಮ್ಮಲ್ಲಿ ಜಾಸ್ತಿ ಬೆಳೆಯೋದು ರೋಬಸ್ಟಾ. ಚಿಕೋರಿ ಸೇರಿಸಿದ್ದರೆ ಕಾಫಿ ಶೇ. 51ಕ್ಕಿಂತ ಕಡಿಮೆ ಇರೋ ಹಾಗಿಲ್ಲ, ಎರಡೂ ಶೇಕಡಾ ಎಷ್ಟೆಷ್ಟು ಅಂತ ಪ್ಯಾಕೆಟ್ ಮೇಲೆ ಕಾಣೋ ಹಾಗೆ ಹಾಕಬೇಕು.

ಆ ಅಕ್ಕನ ಹತ್ತಿರ ಮೊದಲು ಮೂರು ಕೇಳಿ. ಪುಡಿಯಲ್ಲಿ ರೋಬಸ್ಟಾ ಎಷ್ಟು, ಚಿಕೋರಿ ಎಷ್ಟು, ಎಫ್ಎಸ್ಎಸ್ಎಐ ನಂಬರ್ ಇದೆಯಾ. ಉತ್ತರ ಬಂದ ಮೇಲೆ ಕೊಟೇಶನ್ ಕಳಿಸಿ. ನಂಬರ್ ಇಲ್ಲ ಅಂದರೆ ಮೊದಲು ಅದನ್ನು ಮಾಡಿಸಿಕೊಳ್ಳಲಿ, ಬರಹ ಆಮೇಲೆ.